ಬಣ್ಣ ನೋಡಲು ಮೂರು ದಿನ

ಆ ಹಲ್ಲಿನ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಕೂತು ಕಟ್ಟುಹಲ್ಲು ಮಾಡುವವನಿಗೆ ವಯಸ್ಸು ಮೂವತ್ತಾರು, ಮತ್ತು ಅವನಿಗೆ ಪ್ರೀತಿ ಹುಟ್ಟಿದ್ದು ಒಂದು ಹಲ್ಲಿನ ಮೇಲೆ. ನಗು ಬಂದರೆ ಈಗಲೇ ನಕ್ಕು ಮುಗಿಸಿಬಿಡಿ, ಮುಂದೆ ಕೇಳಲು ಅನುಕೂಲ.

ಹದಿನಾಲ್ಕು ವರ್ಷದಿಂದ ಅವನ ಲೋಕವೆಂದರೆ ಒಂದು ಮೇಜು, ಒಂದು ಪುಟ್ಟ ಕುಲುಮೆ, ನಾಲ್ಕು ಕುಂಚ, ಗೋಡೆಯಲ್ಲೊಂದು ಕಿಂಡಿ. ಕಿಂಡಿಯ ಆಚೆ ಡಾಕ್ಟರಮ್ಮ ಜನರ ಬಾಯಿ ನೋಡುತ್ತಾರೆ. ಈಚೆಗೆ ಆ ಬಾಯಿಗಳ ಪ್ಲಾಸ್ಟರ್ ಅಚ್ಚು ಬರುತ್ತದೆ. ಮುಖ ಬರುವುದಿಲ್ಲ. ಅದೇ ಅವನಿಗೂ ಬೇಕಿತ್ತು. ಯಾಕೆಂದರೆ, ಊರಿಗೆಲ್ಲ ಹಲ್ಲು ಮಾಡಿಕೊಡುವ ಈ ಪುಣ್ಯಾತ್ಮನ ಮುಂದಿನ ಎರಡು ಹಲ್ಲುಗಳ ಮಧ್ಯೆ ಬೆಂಕಿಕಡ್ಡಿ ತೂರುವಷ್ಟು ಸಂದಿ. ನಗು ಬಂತೆಂದರೆ ಸಾಕು, ಕೈ ತಾನಾಗಿ ಬಾಯಿ ಮುಚ್ಚುತ್ತಿತ್ತು.

ಒಂದು ಸೋಮವಾರ ಕಿಂಡಿಯಿಂದ ಒಂದು ಅಚ್ಚು ಬಂತು. ಮೇಲಿನ ಸಾಲಿನಲ್ಲಿ ಬಲಗಡೆಯ ಹಲ್ಲೊಂದು, ತುದಿ ಮುರಿದದ್ದು, ಪಕ್ಕದ ಹಲ್ಲಿಗೆ ಭುಜ ತಾಗಿಸಿ ಸೊಟ್ಟಗೆ ನಿಂತಿತ್ತು. ಬಸ್ಸಿನಲ್ಲಿ ಜಾಗವಿದ್ದರೂ ಪಕ್ಕದವರಿಗೆ ಒರಗಿ ಕೂರುತ್ತಾರಲ್ಲ, ಹಾಗೆ. ಅವನು ಅದನ್ನು ಬೆಳಕಿಗೆ ಹಿಡಿದ. ತಿರುಗಿಸಿದ. ಮತ್ತೆ ಹಿಡಿದ. ಅಷ್ಟರಲ್ಲಿ ಕಿಂಡಿಯಾಚೆ ಯಾರೋ ಹೆಂಗಸು ಗೊಳ್ಳೆಂದು ನಕ್ಕದ್ದು ಕೇಳಿಸಿತು. ಆಯಿತು, ಅಲ್ಲಿಗೆ ಇವನ ಕಥೆ ಮುಗಿಯಿತು.

ಜೊತೆಗಿದ್ದ ಚೀಟಿಯಲ್ಲಿ ಡಾಕ್ಟರಮ್ಮ ಬರೆದಿದ್ದರು: ‘ಇದು ಅರೆಯುವ ಮುಂಚಿನ ಅಚ್ಚು. ಈಗ ಹಲ್ಲು ಅರೆದು ಸಣ್ಣ ಮಾಡಿದ್ದೇನೆ, ಅದರ ಅಚ್ಚೂ ಜೊತೆಗಿದೆ. ಅದರ ಮೇಲೆ ಹೊದಿಸಲು ಕ್ಯಾಪ್ ಬೇಕು. ನೇರವಾಗಿರಲಿ, ಇದು ಅವರ ಆಸೆ.’

ಅಂದರೆ ಆ ಸೊಟ್ಟ ಹಲ್ಲು ಇನ್ನು ಜಗತ್ತಿನಲ್ಲಿ ಇಲ್ಲ! ಉಳಿದದ್ದು ಈ ಪ್ಲಾಸ್ಟರಿನಲ್ಲಿ ಮಾತ್ರ. ಅವನಿಗೆ ನೆಂಟರಲ್ಲಿ ಯಾರೋ ಹೋಗಿಬಿಟ್ಟಷ್ಟು ಸಂಕಟವಾಯಿತು.

ಕ್ಯಾಪಿಗೆ ಬಣ್ಣ ಹೊಂದಿಸಬೇಕಾದರೆ ಬಾಯಿಯನ್ನು ಹಗಲಿನ ಬೆಳಕಿನಲ್ಲಿ ನೋಡಬೇಕು. ಮರುದಿನ ಹತ್ತೂವರೆಗೆ ಆ ಹಲ್ಲಿನ ಒಡತಿ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತಳು. ಇವನು ಮಾದರಿ ಹಲ್ಲುಗಳ ಪಟ್ಟಿ ಹಿಡಿದು ಎದುರು ನಿಂತ. ಅವಳು ಬಸ್ಸು ಓಡಿಸುವವಳು. ಮೊಣಕೈವರೆಗೆ ಮಡಚಿದ ತೋಳು. ಬಸ್ಸಿನ ಕಿಟಕಿ ಕಡೆಗಿರುವ ತೋಳಿನ ಬಣ್ಣ ಇನ್ನೊಂದಕ್ಕಿಂತ ಎರಡು ಛಾಯೆ ಗಾಢ. ಮೇಲ್ದುಟಿಯ ಮೇಲೆ ಬೆವರಿನ ಸಣ್ಣ ಹನಿಗಳು. ಕಣ್ಣುಗಳು ಬಸ್ಸಿನ ಎರಡೂ ಕನ್ನಡಿ ನೋಡಿ ಅಭ್ಯಾಸವಾದವರ ಹಾಗೆ ಎಡಕ್ಕೂ ಬಲಕ್ಕೂ ಹರಿದು ಬಂದು ಇವನ ಮೇಲೆ ನಿಂತವು.

ಕಸುಬುದಾರನ ಕಣ್ಣು, ಒಂದೇ ನಿಮಿಷದಲ್ಲಿ ಬಣ್ಣ ಸಿಕ್ಕಿತು. ಬಣ್ಣದ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಮೇಲಿನ ಜೇಬಿಗೆ ಸಿಕ್ಕಿಸಿಕೊಂಡೂ ಆಯಿತು. ‘ಸರಿ, ಹೋಗಿ’ ಎನ್ನುವುದೊಂದೇ ಬಾಕಿ. ಆದರೆ ಬಾಯಿಂದ ಬಂದದ್ದು ಬೇರೆ.

“ಇವತ್ತು ಮೋಡ ಇದೆ. ಬಣ್ಣ ಸರಿಯಾಗಿ ಗೊತ್ತಾಗ್ತಿಲ್ಲ. ನಾಳೆ ಬರ್ತೀರಾ?”

ಹೊರಗೆ ಬಿಸಿಲು ಸುಡುತ್ತಿತ್ತು. ಅವಳು ಒಮ್ಮೆ ಕಿಟಕಿ ನೋಡಿದಳು, ಒಮ್ಮೆ ಇವನನ್ನು ನೋಡಿದಳು. “ಬರ್ತೀನಿ” ಎಂದಳು.

ಎರಡನೆಯ ದಿನ ಕೇಳಿದ, “ಹಲ್ಲು ಹೇಗೆ ಮುರೀತು?”

“ಸೋಡಾ ಬಾಟಲಿ ಮುಚ್ಚಳ ಹಲ್ಲಲ್ಲಿ ತೆಗೀತೀನಿ ಅಂತ ಡಿಪೋದಲ್ಲಿ ಪಂದ್ಯ ಕಟ್ಟಿದ್ದೆ. ಗೆದ್ದೆ. ಮುಚ್ಚಳ ಹೋಯ್ತು, ಹಲ್ಲೂ ಹೋಯ್ತು.”

ಅವನು ನಕ್ಕುಬಿಟ್ಟ. ಒಂದು ಕೈಯಲ್ಲಿ ಪಟ್ಟಿ, ಇನ್ನೊಂದರಲ್ಲಿ ಅವಳ ತುಟಿ ಸರಿಸುವ ಕಡ್ಡಿ. ಮುಚ್ಚಿಕೊಳ್ಳಲು ಕೈಯೇ ಇಲ್ಲ. ಸಂದಿ ಕಂಡೇ ಹೋಯಿತೆಂದು ನಾಚಿ, ಕಿವಿ ಕೆಂಪಗಾಗಿ, “ಇವತ್ತೂ ಬೆಳಕು ಸಾಲದು” ಎಂದ. ಮೂರನೆಯ ದಿನವೂ ಅವಳು ಬಂದಳು.

“ಅಲ್ಲಯ್ಯಾ, ಒಂದು ಹಲ್ಲಿನ ಬಣ್ಣ ನೋಡೋಕೆ ಮೂರು ದಿನಾನಾ?” ಎಂದು ಡಾಕ್ಟರಮ್ಮ ರೇಗಿದರು. “ನಾನೇನು ಅರಮನೆಗೆ ಸುಣ್ಣ ಹೊಡೆಸ್ತಿದ್ದೀನಾ?”

ಮನೆಯಲ್ಲಿ ಅಕ್ಕ ಬಡಿಸಿದ್ದನ್ನು ತಿನ್ನದೆ ತಟ್ಟೆ ನೋಡುತ್ತ ಕೂತ. “ಯಾರೋ ಅವಳು?” ಎಂದಳು ಅಕ್ಕ. “ಯಾರೂ ಇಲ್ಲ, ಒಂದು ಹಲ್ಲು ಅಷ್ಟೆ” ಎಂದ. ಅಕ್ಕ ಹಣೆ ಚಚ್ಚಿಕೊಂಡಳು.

ಹೇಳಿದಂತೆ ನೇರವಾದ ಕ್ಯಾಪನ್ನೇ ಮಾಡಿದ. ಚೊಕ್ಕ ಕೆಲಸ. ಆಮೇಲೆ, ಯಾರಿಗೂ ಹೇಳದೆ, ಹಳೆಯ ಅಚ್ಚು ಎದುರಿಟ್ಟುಕೊಂಡು ಇನ್ನೊಂದು ಮಾಡಿದ: ಅದೇ ಓರೆ, ಅದೇ ಭುಜ. ಅದು ತನಗೆ. ಎರಡನ್ನೂ ಒಂದೇ ತರದ ಡಬ್ಬಿಗಳಲ್ಲಿಟ್ಟ. ಬೆಳಿಗ್ಗೆ ಡಾಕ್ಟರಮ್ಮ ಕೂಗಿದಾಗ ಒಂದು ಡಬ್ಬಿಯನ್ನು ಕಿಂಡಿಯಿಂದ ಕೊಟ್ಟ.

ಯಾವುದನ್ನು ಕೊಟ್ಟ ಅಂತ ನಾನು ಹೇಳಬೇಕೆ?

“ಏನಯ್ಯಾ ಇದು!” ಆಚೆಯಿಂದ ಗುಡುಗಿತು. “ನೇರ ಮಾಡು ಅಂದ್ರೆ ಹಳೇ ಸೊಟ್ಟನ್ನೇ ಮಾಡಿ ಕಳಿಸಿದ್ದೀಯಲ್ಲ! ಬಾ ಇಲ್ಲಿ!”

ಉಳಿದ ಡಬ್ಬಿ ತೆರೆದು ನೋಡಿದ. ಅದರಲ್ಲಿ ನೇರದ್ದು ಕೂತಿತ್ತು. ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ‘ಮಾಡುವಾಗ ಕೈತಪ್ಪಿ ಸೊಟ್ಟಗಾಯ್ತು’ ಎಂದರೆ ಮುಗಿಯಿತು. ಬೈಸಿಕೊಂಡು, ನೇರದ್ದನ್ನು ಕೊಟ್ಟು ಬರಬಹುದು. ಅವಳು ಹಾಕಿಸಿಕೊಂಡು ಹೋಗುತ್ತಾಳೆ. ಮತ್ತೆ ಬರುವುದಿಲ್ಲ.

ಕುರ್ಚಿಯಲ್ಲಿ ಅವಳು ಕೈಗನ್ನಡಿ ಹಿಡಿದು ಕೂತಿದ್ದಳು. ನಗುತ್ತಿರಲಿಲ್ಲ. “ಶಾಲೇಲಿ ನನ್ನ ಹೆಸರೇ ಮರೆತು ‘ಸೊಟ್ಟಿ’ ಅಂತ ಕರೀತಿದ್ರು,” ಎಂದಳು. “ಇದನ್ನ ಬೇಕಂತ ಮಾಡಿದ್ದಾ?”

ಆ ಮಾತಿಗೆ ಅವನ ಸುಳ್ಳೆಲ್ಲ ಉದುರಿಹೋಯಿತು.

“ನಿಮಗೆ ಅಂತ ಮಾಡಿದ್ದು ಇದು,” ಎಂದು ನೇರದ್ದನ್ನು ಮುಂದೆ ಹಿಡಿದ. “ಅದು… ಅದು ನನಗೆ ಅಂತ ಮಾಡ್ಕೊಂಡಿದ್ದು. ಡಬ್ಬಿ ಅದಲುಬದಲಾಯ್ತು.”

“ನಿಮಗಾ? ನನ್ನ ಹಲ್ಲು?”

“ನೀವು ಹೊರಟು ಹೋಗ್ತೀರಿ. ಆಮೇಲೆ ಎಲ್ಲಿ ಸಿಗುತ್ತೆ? ಮೊದಲು ಹಲ್ಲು ಇಷ್ಟ ಆಯ್ತು. ಆಮೇಲೆ ನಗು. ಆಮೇಲೆ ಆ ತೋಳು. ಈಗ ಪೂರ್ತಿ ನೀವೇ ಇಷ್ಟ. ನಿಮಗೆ ನೋವು ಮಾಡಬೇಕು ಅಂತಿರ್ಲಿಲ್ಲ.”

ಡಾಕ್ಟರಮ್ಮ ಇನ್ನೂ ಚೆನ್ನಾಗಿ ಕೇಳಿಸಿಕೊಳ್ಳಲೆಂದು ಸ್ಟೂಲಿನ ಮೇಲೆ ಕೂತರು.

“ನೇರದ್ದೇ ಹಾಕಿ ಡಾಕ್ಟ್ರೇ,” ಎಂದಳು ಅವಳು.

ಎಲ್ಲ ಮುಗಿಯಿತೆಂದುಕೊಂಡ ಅವನು. ಆದರೂ ನಿಂತು ನೋಡಿದ. ಕ್ಯಾಪ್ ಕೂತಿತು. ಅವಳು ಕನ್ನಡಿಯಲ್ಲಿ ನೋಡಿಕೊಂಡಳು, ತಿರುಗಿ ನೋಡಿಕೊಂಡಳು, ಆಮೇಲೆ ಮುಖ ತುಂಬ ನಕ್ಕಳು. ಅರೆ! ಹಲ್ಲು ನೇರ, ಆದರೆ ನಗು ಅದೇ. ಅವನಿಗೆ ಸಂತೋಷಕ್ಕೆ ಎಲ್ಲಿ ಕುಣಿದುಬಿಡುತ್ತೇನೋ ಎನಿಸಿತು.

“ಚೆನ್ನಾಗಿದೆಯಾ?”

“ತುಂಬಾ,” ಎಂದ, ಮನಸಾರೆ.

ಅವಳು ಸೊಟ್ಟ ಕ್ಯಾಪನ್ನು ಅವನ ಅಂಗೈಯಲ್ಲಿಟ್ಟಳು. “ಇದು ನಿಮ್ಮ ಹತ್ರಾನೇ ಇರ್ಲಿ. ಮೊದಲನೇ ದಿನಾನೇ ಬಣ್ಣದ ನಂಬರ್ ಬರ್ದು ಜೇಬಿಗೆ ಹಾಕ್ಕೊಂಡ್ರಿ, ಅಲ್ವಾ? ಆ ಜೇಬು ನನ್ನ ಮೂಗಿನ ಮುಂದೇನೇ ಇತ್ತು.”

“ಗೊತ್ತಿದ್ದೂ ಮತ್ತೆ ಬಂದ್ರಾ?”

“ಮೋಡ ಎಲ್ಲಿದೆ ಅಂತ ನೋಡೋಕೆ ಎರಡನೇ ದಿನ ಬಂದೆ. ಅವತ್ತು ನೀವು ನಕ್ರಿ. ಆ ಸಂದಿ ಇನ್ನೊಂದ್ಸಲ ನೋಡೋಣ ಅಂತ ಪಾಳಿ ಬದಲಾಯಿಸ್ಕೊಂಡು ಮೂರನೇ ದಿನ ಬಂದೆ. ಪುಣ್ಯಾತ್ಮ, ಅವತ್ತು ನಗಲೇ ಇಲ್ಲ!”

ಅವನಿಗೆ ನಗು ಉಕ್ಕಿ ಬಂತು. ಅಭ್ಯಾಸಬಲದಿಂದ ಕೈಯೂ ಮೇಲೆದ್ದಿತು. ದಿನವಿಡೀ ಬಸ್ಸಿನ ಗೇರು ಬದಲಿಸುವ ಅವಳ ಕೈ ಇವನ ಮಣಿಕಟ್ಟನ್ನು ಹಿಡಿದು ಕೆಳಗಿಳಿಸಿತು.

“ಈ ಸಂದೀನ ಮಾತ್ರ ಯಾರ ಕೈಲೂ ಮುಚ್ಚಿಸ್ಬೇಡಿ,” ಎಂದಳು. “ಡಾಕ್ಟ್ರ ಕೈಲೂ ಬೇಡ, ನಿಮ್ಮ ಕೈಲೂ ಬೇಡ.”