ಜೊತೆಗೆ ದುಡಿಯುವವರು

ಸೋಫಾ ಕವರು, ಕಿಟಕಿ ಪರದೆ ಹೊಲಿಯುವುದರಲ್ಲಿ ಅವನದು ಪಳಗಿದ ಕೈ. ತೆರಿಗೆಯ ಲೆಕ್ಕವೆಂದರೆ ಮಾತ್ರ ಕೈಕಾಲು ಆಡುತ್ತಿರಲಿಲ್ಲ. ಸ್ವಂತ ಅಂಗಡಿಯವರು ವರ್ಷಕ್ಕೊಮ್ಮೆ ಆದಾಯ ತೆರಿಗೆಯನ್ನೂ ಮುಪ್ಪಿನ ಪಿಂಚಣಿಗೆ ವಿಮೆಯ ಕಂತನ್ನೂ ತಾವೇ ಕಟ್ಟಬೇಕು. ಈ ಸಲ ಹೆಂಡತಿಯನ್ನೂ ತೆರಿಗೆ ಕಚೇರಿಗೆ ಕರೆದೊಯ್ದ. ದಾರ, ಬಟ್ಟೆ, ಕರೆಂಟು, ಯಾವುದಕ್ಕೆ ಎಷ್ಟು ಹೋಯಿತೆಂಬುದು ಅವಳ ನಾಲಗೆಯ ತುದಿಯಲ್ಲೇ ಇರುತ್ತಿತ್ತು.

ಕೌಂಟರಿನ ಯುವತಿ ಖರ್ಚು ಕಳೆದು, ಉಳಿದದ್ದಕ್ಕೆ ತೆರಿಗೆ ಹಾಕಿದಳು. ಆಮೇಲೆ ತಲೆಯೆತ್ತದೆ ಕೇಳಿದಳು: "ನಿಮ್ ಜೊತೆ ಬೇರೆ ಯಾರಾದ್ರೂ ಕೆಲಸ ಮಾಡ್ತಾರಾ? ಮನೆಯವರಾದ್ರೂ ಹೇಳಿ. ಅವ್ರ ಹೆಸರಲ್ಲೂ ವಿಮೆ ಕಟ್ಬೇಕಾಗುತ್ತೆ."

"ಯಾರೂ ಇಲ್ಲ ಮೇಡಂ, ನಾನೊಬ್ನೇ."

"ಇವ್ರು?"

"ನನ್ ಹೆಂಡ್ತಿ. ಸುಮ್ನೆ ಮನೇಲಿರ್ತಾಳೆ."

ಬಾಯಿ ತಪ್ಪಿ ಬಂದ ಮಾತಲ್ಲ ಅದು. ಪ್ರತಿ ವರ್ಷವೂ ಹೀಗೇ ಹೇಳುತ್ತಿದ್ದ. ಅವಳ ಎದುರಿಗೆ ಹೇಳಿದ್ದು ಇದೇ ಮೊದಲು. ಅವಳು ಸೂಜಿ ಚುಚ್ಚಿಸಿಕೊಂಡು ಒರಟಾಗಿದ್ದ ಬೆರಳುಗಳನ್ನು ಮೆಲ್ಲಗೆ ಬ್ಯಾಗಿನ ಕೆಳಗೆ ಎಳೆದುಕೊಂಡಳು. ಅದನ್ನು ನೋಡಿ ಅವನಿಗೆ ನೆಲ ಬಾಯಿಬಿಡಬಾರದೆ ಅನ್ನಿಸಿತು. ಸುಳ್ಳು ಹೇಳಿದವನು ತಾನು, ಮುಚ್ಚಿಟ್ಟುಕೊಳ್ಳುತ್ತಿರುವವಳು ಅವಳು.

ಹೊರಗೆ ಬಂದು ಮೆಟ್ಟಿಲಿಳಿಯುವಾಗ ಗೊಣಗಿದ: "ಕಂತು ಎರಡೆರಡಾಗುತ್ತೆ ಕಣೇ, ಅದಕ್ಕೇ..."

"ಬಿಡಿ. ನಾಳೆಯಿಂದ ನಿಜವಾಗ್ಲೂ ಸುಮ್ನೆ ಮನೇಲಿರ್ತೀನಿ. ಆ ಹೋಟೆಲಿನ ಪರದೆಯೆಲ್ಲ ನೀವೊಬ್ರೇ ಹೊಲೀರಿ," ಎಂದು ಅವಳು ನಕ್ಕಳು. ನಗು ಅರ್ಧಕ್ಕೇ ನಿಂತಿತು. "ಅಲ್ಲಾ ರೀ, ವಯಸ್ಸಾದ್ಮೇಲೆ ನನಗೆ ಅಂತ ಏನೂ ಬರಲ್ವಾ?"

ಅವನು ಅವಳನ್ನು ಅಲ್ಲೇ ನಿಲ್ಲಿಸಿ ತಿರುಗಿ ಮೆಟ್ಟಿಲು ಹತ್ತಿದ. ಕೌಂಟರಿನ ಮುಂದೆ ಸಾಲು ಬೆಳೆದಿತ್ತು. ಸರದಿ ಬಂದಾಗ ದನಿ ತಗ್ಗಿಸಿ, "ಮೇಡಂ, ಅವಳೂ ಕೆಲಸ ಮಾಡ್ತಾಳೆ," ಎಂದ.

"ಏನಂದ್ರಿ? ಕೇಳಿಸ್ಲಿಲ್ಲ."

"ನನ್ ಹೆಂಡ್ತೀನೂ ನನ್ ಜೊತೆ ದುಡೀತಾಳೆ. ಆಗ ಹೇಳಿದ್ದು ಸುಳ್ಳು."

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಕಿವಿ ಕಾವೇರಿತು.

"ಯಾವಾಗಿಂದ?"

"ಅಂಗಡಿ ಶುರುವಾದಾಗಿಂದ. ನನಗಿಂತ ಜಾಸ್ತೀನೇ."

ಯುವತಿ ಬೈಯಲಿಲ್ಲ. "ಹಿಂದಿನ ವರ್ಷಗಳು ಸೇರಲ್ಲ ಸರ್. ಇವತ್ತಿಂದ ಶುರು ಮಾಡ್ಬಹುದು, ಅಷ್ಟೇ. ಪಿಂಚಣಿ ಕಮ್ಮೀನೇ ಬರುತ್ತೆ." ಬೈದಿದ್ದರೆ ವಾಸಿಯಿತ್ತು.

ಹೆಂಡತಿಯ ಹೆಸರು ಬರೆಸಿ ಕೆಳಗೆ ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅವಳು ಬ್ಯಾಗನ್ನು ಹೆಗಲಿಗೇರಿಸಿಕೊಂಡು ಬಸ್ ನಿಲ್ದಾಣದ ಕಡೆ ಹೆಜ್ಜೆ ಹಾಕಿದಳು.

"ಹಾಗಾದ್ರೆ ಅಷ್ಟೂ ವರ್ಷ ಹೋಯ್ತು ಅನ್ನಿ."

"ಹೂಂ."

ಬಸ್ಸಿನಲ್ಲಿ ಅವನ ಪಕ್ಕದ ಸೀಟು ಖಾಲಿಯಿದ್ದರೂ ಅವಳು ಮುಂದೆ ಹೋಗಿ ಕುಳಿತಳು. ಅವನು ಕರೆಯಲಿಲ್ಲ. ಯಾವ ಮುಖವಿಟ್ಟುಕೊಂಡು ಕರೆದಾನು?