ಶಾಮನಿಗೆ ಹೇಳಿದ ಮಾತು

ಡಾಕ್ಟರ್ ರಕ್ಷಿತಾ ಟವೆಲಿನಲ್ಲಿ ಸುತ್ತಿದ್ದ ಗಿಳಿಯನ್ನು ಬೆಳಕಿಗೆ ತಿರುಗಿಸಿದಾಗ ಪ್ರಿಯಂವದಾ ಮುಖ ಆಚೆ ಮಾಡಿದಳು. ಬೂದುಬಣ್ಣದ ಆ ಆಫ್ರಿಕನ್ ಗಿಳಿಯ ಎದೆ ಪೂರ್ತಿ ಬೋಳಾಗಿತ್ತು. ಅಲ್ಲಿನ ಪುಕ್ಕಗಳನ್ನೆಲ್ಲ ತಾನೇ ಕಿತ್ತುಕೊಂಡು, ಈಗ ಚರ್ಮವನ್ನೂ ಕಚ್ಚಿ ರಕ್ತ ಬರಿಸಿಕೊಳ್ಳುತ್ತಿತ್ತು.

"ರೋಗ ಏನೂ ಇಲ್ಲ. ಮನೇಲಿ ಜಗಳ ಗಿಗಳ ಜಾಸ್ತಿನಾ?" ಎಂದರು ಡಾಕ್ಟರ್.

"ಛೇ, ಛೇ," ಎಂದ ಅವಳ ಗಂಡ ಚಕ್ರಪಾಣಿ. "ನಮ್ಮನೇಲಿ ಒಂದು ದೊಡ್ಡ ಮಾತಿಲ್ಲ."

ಅದೇನೂ ಸುಳ್ಳಲ್ಲ. ದೊಡ್ಡ ಮಾತೂ ಇರಲಿಲ್ಲ, ಸಣ್ಣ ಮಾತೂ ಇರಲಿಲ್ಲ. ಮಲ್ಲೇಶ್ವರದ ಆ ಮನೆಯಲ್ಲಿ ಗಂಡ ಹೆಂಡತಿ ಮಾತು ಬಿಟ್ಟು ವರ್ಷದ ಮೇಲಾಗಿತ್ತು. ಹಾಗಂತ ಸಂಸಾರ ನಿಲ್ಲುತ್ತದೆಯೇ? ಹೇಳಬೇಕಾದ್ದನ್ನೆಲ್ಲ ಗಿಳಿಗೆ ಹೇಳುತ್ತಿದ್ದರು. "ಶಾಮ, ಗ್ಯಾಸ್ ಖಾಲಿಯಾಗಿದೆ, ಯಾರಾದ್ರೂ ಬುಕ್ ಮಾಡ್ತಾರಾ ಕೇಳು," ಎಂದು ಅವಳು. "ಶಾಮ, ನಾನು ಇಸ್ತ್ರಿ ಇಲ್ಲದ ಶರ್ಟಲ್ಲೇ ಬ್ಯಾಂಕಿಗೆ ಹೋಗ್ಬೇಕಂತೆ ಕಣೋ," ಎಂದು ಅವನು. ಇಬ್ಬರೂ ತಮ್ಮ ವಿಷವನ್ನೆಲ್ಲ ಮುದ್ದಿನ ದನಿಯಲ್ಲಿ ಆ ಬಡಪಾಯಿಯ ಮೇಲೆ ಸುರಿಯುತ್ತಿದ್ದರು.

ಡಾಕ್ಟರ್ ಗಿಳಿಯನ್ನು ಮೇಜಿನ ಮೇಲಿನ ಕೋಲಿಗೆ ಬಿಟ್ಟರು. "ಮನೇಲಿ ಹೇಗೆ ಮಾತಾಡಿಸ್ತೀರೋ ಹಾಗೇ ಮಾತಾಡಿಸಿ, ನೋಡೋಣ."

ಚಕ್ರಪಾಣಿ ನಗುತ್ತಾ ಬಗ್ಗಿದ. "ಶಾಮ, ನಿನ್ನ ಸರಿಯಾಗಿ ನೋಡ್ಕೊಂಡಿದ್ರೆ ಇಲ್ಲೀವರೆಗೂ ಬರೋ ಹಾಗಾಗ್ತಿತ್ತೇನೋ?"

ಗಿಳಿ ಉಳಿದ ಪುಕ್ಕಗಳನ್ನೆಲ್ಲ ಮೈಗೆ ಬಿಗಿದುಕೊಂಡು ಸಣ್ಣಗಾಯಿತು. ಪ್ರಿಯಂವದಾಗೆ ತಡೆಯಲಾಗಲಿಲ್ಲ. "ಶಾಮ, ಮನೆಗೆ ಬಂದೋರು ಸೀದಾ ಟೀವಿ ಮುಂದೆ ಕೂತ್ರೆ ನಿನ್ನ ನೋಡ್ಕೊಳ್ಳೋದು ಯಾರಪ್ಪಾ?" ಗಿಳಿ ಕತ್ತು ಬಗ್ಗಿಸಿ ಬೋಳು ಎದೆಗೆ ಕೊಕ್ಕು ಹಾಕಿತು.

"ನೋಡಿದ್ರಾ?" ಎಂದರು ಡಾಕ್ಟರ್. "ನಿಮ್ಮ ಮಾತೇನೋ ಮುದ್ದಾಗಿದೆ. ಆದ್ರೆ ಭುಜ, ಕತ್ತು, ಕಣ್ಣು ಎಲ್ಲಾ ಸಿಟ್ಟಲ್ಲಿದೆ. ಹಕ್ಕಿ ನೋಡೋದು ಅದನ್ನೇ. ತನ್ನ ಮೇಲೇ ಸಿಟ್ಟು ಅಂದ್ಕೊಳ್ಳುತ್ತೆ. ನೀವಿಬ್ರೂ ನೇರವಾಗಿ ಮಾತಾಡ್ಕೊಳ್ಳಿ. ಆಗಲ್ಲ ಅಂದ್ರೆ ಬೇರೆಯವರಿಗೆ ಕೊಟ್ಬಿಡಿ. ಹೀಗೇ ಆದ್ರೆ ಇದು ಉಳಿಯಲ್ಲ."

ಪ್ರಿಯಂವದಾಗೆ ನಾಚಿಕೆಯಿಂದ ಸಾಯುವಂತಾಯಿತು. ಗಿಳಿಯನ್ನು ಬೇರೆಯವರಿಗೆ ಕೊಡುವ ಮಾತೇ ಇಲ್ಲ. ಶಾಮನಿಗೋಸ್ಕರ ಸೋಲಬಹುದು ಎಂದುಕೊಂಡಳು. ಮನೆಗೆ ಬಂದು, ಎಲೆ ಹಾಕಿ, "ಊಟಕ್ಕೆ ಬನ್ನಿ," ಎಂದಳು.

"ಹೂಂ, ಬಂದೆ," ಎಂದ ಅವನು, ನಿನ್ನೆಯೂ ಮೊನ್ನೆಯೂ ಕರೆದಿದ್ದಳೇನೋ ಎಂಬಂತೆ.

ವರ್ಷದ ಹಿಂದೆ, ಅವಳು ಪಾಠ ಮಾಡುವ ಕಾಲೇಜಿನಲ್ಲಿ ಅವಳನ್ನೇ ಪ್ರಿನ್ಸಿಪಾಲ್ ಮಾಡಬೇಕೆಂದಿದ್ದರು. ಆಡಳಿತ ಮಂಡಳಿಯ ಸೆಕ್ರೆಟರಿ ಸ್ಯಾಂಕಿ ಕೆರೆಯ ವಾಕಿಂಗಿನಲ್ಲಿ ಸಿಕ್ಕಾಗ ಚಕ್ರಪಾಣಿ, "ಅವಳಿಗೆ ಅದೆಲ್ಲ ನಿಭಾಯಿಸೋಕಾಗಲ್ಲ ಬಿಡಿ," ಎಂದುಬಿಟ್ಟಿದ್ದ. ಕುರ್ಚಿ ಬೇರೆಯವರ ಪಾಲಾಯಿತು. ಸ್ಟಾಫ್ ರೂಮಿನಲ್ಲಿ ಇದು ಕಿವಿಗೆ ಬಿದ್ದ ದಿನವೇ ಅವಳು ಮಾತು ಬಿಟ್ಟದ್ದು. ಅವನು ಒಳಗೊಳಗೇ ಬೇಯುತ್ತಿದ್ದಾನೆ, ಒಂದು ದಿನ ತಪ್ಪಾಯಿತು ಅನ್ನುತ್ತಾನೆ ಎಂದು ಇಷ್ಟು ದಿನ ಕಾದಿದ್ದಳು.

ಸಾರು ಬಡಿಸುತ್ತಾ ಕೇಳಿಯೇಬಿಟ್ಟಳು. "ಸೆಕ್ರೆಟರಿ ಹತ್ರ ಯಾಕೆ ಹಾಗಂದ್ರಿ?"

"ಯಾವ ಸೆಕ್ರೆಟರಿ?"

"ನಮ್ಮ ಕಾಲೇಜಿನವರು. ನಂಗೆ ಪ್ರಿನ್ಸಿಪಾಲ್ ಕೆಲಸ ಆಗಲ್ಲ ಅಂದಿದ್ರಲ್ಲ."

ಅವನು ಅನ್ನ ಕಲೆಸುತ್ತಲೇ ಯೋಚಿಸಿದ. "ಅಂದಿದ್ನಾ? ಇರಬಹುದು. ನೆನಪಿಲ್ಲ ಕಣೇ." ಒಂದು ತುತ್ತು ನುಂಗಿ ಅವಳನ್ನು ನೋಡಿದ. "ಅದಕ್ಕಾ ನೀನು ಮಾತು ಬಿಟ್ಟಿದ್ದು? ನಾನು ವಯಸ್ಸಿಗೆ ಬರೋ ಸಿಡುಕು ಅಂದ್ಕೊಂಡಿದ್ದೆ."

ಸುಳ್ಳು ಹೇಳುತ್ತಿದ್ದಾನೆಯೇ ಎಂದು ಅವಳು ಅವನ ಕಣ್ಣು, ಭುಜ, ಬೆರಳುಗಳನ್ನು ದಿಟ್ಟಿಸಿದಳು. ಎಲ್ಲೂ ಬಿಗಿಯಿರಲಿಲ್ಲ. ನಿಜವಾಗಿಯೂ ಮರೆತಿದ್ದ. ಸುಳ್ಳು ಹೇಳಿದ್ದರಾದರೂ ವಾಸಿಯಿತ್ತು. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಸಾರಿನ ಪಾತ್ರೆಯನ್ನು ಎತ್ತಿ ಗೋಡೆಗೆ ಬಡಿಯಬೇಕೆನಿಸಿತು.

ಮೂಲೆಯಲ್ಲಿದ್ದ ತನ್ನ ಕೋಲಿನ ಮೇಲಿಂದ ಶಾಮ ಕತ್ತು ವಾರೆ ಮಾಡಿ ಅವಳನ್ನೇ ನೋಡುತ್ತಿತ್ತು. ಕೊಕ್ಕು ಎದೆಯ ಹತ್ತಿರ ಬಂದಿತ್ತು.

ಪ್ರಿಯಂವದಾ ಉಸಿರೆಳೆದುಕೊಂಡಳು. ಏರಿದ್ದ ಭುಜವನ್ನು ಮೆಲ್ಲಗೆ ಇಳಿಸಿದಳು. ಹಲ್ಲು ಸಡಿಲಿಸಿ, ಹಣೆಯ ಗಂಟು ಬಿಡಿಸಿ, ತುಟಿಯ ಮೇಲೆ ಇಷ್ಟು ನಗು ತಂದುಕೊಂಡಳು. ಗಿಳಿ ಇನ್ನೂ ನೋಡುತ್ತಿತ್ತು. ಅವಳು ನಗುವನ್ನು ಹಾಗೇ ಹಿಡಿದುಕೊಂಡು ನಿಂತಳು.

ಸ್ವಲ್ಪ ಹೊತ್ತಿಗೆ ಶಾಮ ಕೊಕ್ಕು ಮೇಲೆತ್ತಿತು. ಮೈ ಸಡಿಲಬಿಟ್ಟು ಒಂದು ಕಾಲನ್ನು ಮಡಿಸಿಕೊಂಡಿತು.

"ನೋಡು, ಎಷ್ಟು ನೆಮ್ಮದಿಯಾಗಿದೆ," ಎಂದ ಚಕ್ರಪಾಣಿ. "ಹೀಗೇ ಇರ್ಬೇಕು."

"ಹೂಂ," ಎಂದು ಅವಳು ಅದೇ ಮುಖದಲ್ಲಿ ಅವನ ಎಲೆಗೆ ಮಜ್ಜಿಗೆ ಬಡಿಸಿದಳು.