ಅರ್ಧ ಲೋಟ ಮಜ್ಜಿಗೆ

ರಂಗಂಪೇಟೆಯ ಮನೆಗೆ ಬೆಳಗಾಗುತ್ತಲೇ ಉದ್ದೀಪನ ಮದ್ದಿನ ಪರೀಕ್ಷೆಯವರು ಬಂದಾಗ ದಾನೇಶ್ವರಿ ಹಲ್ಲುಜ್ಜುತ್ತಿದ್ದಳು. ವೇಗದ ನಡಿಗೆಯಲ್ಲಿ ಅವಳು ದೇಶದ ತಂಡದವಳು. ತರಬೇತಿ ಶಿಬಿರದಿಂದ ರಜೆಯ ಮೇಲೆ ಊರಿಗೆ ಬಂದರೂ ದಿನವೂ ಯಾವ ಹೊತ್ತಿಗೆ ಎಲ್ಲಿ ಸಿಗುತ್ತೇನೆಂದು ಫೋನಿನಲ್ಲಿ ಮೊದಲೇ ತಿಳಿಸಿರಬೇಕು. ಹೇಳಿದ ಹೊತ್ತಿಗೆ ಅವರು ಬಂದು ಬಾಗಿಲು ಬಡಿಯಬಹುದು. ಬಂದವರು ಇಬ್ಬರು ಹೆಂಗಸರು. ಗುರುತಿನ ಚೀಟಿ ತೋರಿಸಿ ಮೂತ್ರದ ಮಾದರಿ ಕೇಳಿದರು. ಕೊಡುವ ತನಕ ಅವರ ಕಣ್ಣು ತಪ್ಪಿಸುವಂತಿಲ್ಲ. ಬಚ್ಚಲಿಗೂ ಒಬ್ಬಳು ಬಂದು ನೋಡುತ್ತ ನಿಲ್ಲುತ್ತಾಳೆ.

ಎಷ್ಟೋ ಸಲ ಕೊಟ್ಟು ರೂಢಿಯಿದ್ದರೂ ಅಂದು ಮೂತ್ರ ಬರಲೇ ಇಲ್ಲ. ತನ್ನದೇ ಮನೆಯ ಬಚ್ಚಲು, ಹೊರಗೆ ಅವ್ವ ಪಾತ್ರೆ ತಿಕ್ಕುವ ಸದ್ದು. ನೀರು ಕುಡಿದಳು, ಅಂಗಳದಲ್ಲಿ ಅಡ್ಡಾಡಿದಳು. ಪಕ್ಕದ ಮನೆಯ ಅಂಬ್ರಪ್ಪ ಗೋಡೆಯ ಮೇಲಿಂದ ಇಣುಕಿ, "ಪೊಲೀಸ್ನೋರೇನ್ರಿ?" ಎಂದ. ಅವ್ವ ಗೊಲ್ಲಾಳಮ್ಮ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಅಪ್ಪ ಜಗದೇವಪ್ಪ ಸರ್ಕಾರಿ ಬಸ್ಸಿನ ಡ್ರೈವರ್. ಖಾಕಿ ತೊಟ್ಟು ಡ್ಯೂಟಿಗೆ ಹೊರಟಿದ್ದವನು ಮಗಳ ಪಕ್ಕ ಕುಳಿತ.

"ನಮಗೂ ಡಿಪೋದಾಗ ಮಷೀನ್ ಊದಸ್ತಾರ ಯವ್ವಾ. ಜಲ್ಮದಾಗ ಕುಡಿಲಾರದವಂಗೂ ಊದಾಗ ಎದಿ ಢವಢವ ಅಂತದ."

ಬಿಸಿಲೇರಿದ ಮೇಲೆ ಮಾದರಿ ಸಿಕ್ಕಿತು. ಬಾಟಲಿಗೆ ಸೀಲು ಹಾಕಿಕೊಂಡು ಅವರು ಹೋದರು.

ಮರುದಿನ ಮಧ್ಯಾಹ್ನ ದಾನೇಶ್ವರಿ ಅಡುಗೆಮನೆಗೆ ಕಾಲಿಟ್ಟಾಗ ಅವ್ವ ಬೆನ್ನು ತಿರುಗಿಸಿ ನಿಂತು ಏನನ್ನೋ ಕುಟ್ಟುತ್ತಿದ್ದಳು. ಬಿಳಿ ಪುಡಿ. ಅದನ್ನು ಮಜ್ಜಿಗೆಯ ಲೋಟಕ್ಕೆ ಸುರಿದು ಚಮಚೆಯಿಂದ ಕದಡಿದಳು.

"ಅವ್ವಾ, ಏನದು?"

"ಏನಿಲ್ಲ. ಜೀರಗಿ."

ಸೆರಗಿನ ಮರೆಯಲ್ಲಿದ್ದ ಕೈಯನ್ನು ದಾನೇಶ್ವರಿ ಹಿಡಿದು ಬಿಡಿಸಿದಳು. ಗುಳಿಗೆಯ ಶೀಟು ಇತ್ತು.

"ನಿಮ್ಮಪ್ಪಗ ಬಿಪಿ ಅದ. ಶಹಾಪುರದ ಡಾಕ್ಟರು ಬರದು ಕೊಟ್ಟಾರ. ಡಿಪೋದಾಗ ಗೊತ್ತಾದ್ರ ಸ್ಟೇರಿಂಗ್ ಬಿಡಸ್ತಾರಂತ ಇವರು ಮುಟ್ಟವಲ್ರು. ಅದಕ್ಕ ಕಲಸಿ ಕೊಡ್ತೀನಿ. ಅವರ ಮುಂದ ಹೇಳಬ್ಯಾಡ."

ಶೀಟಿನ ಹಿಂದಿನ ಸಣ್ಣ ಅಕ್ಷರವನ್ನು ದಾನೇಶ್ವರಿ ಎರಡು ಸಲ ಓದಿದಳು. ಬಿಪಿಯ ಔಷಧದ ಜೊತೆ ಮೂತ್ರ ಹೆಚ್ಚಿಸುವ ಔಷಧವೂ ಅದರಲ್ಲಿ ಸೇರಿತ್ತು. ಆಟಗಾರರಿಗೆ ಅದು ಯಾವಾಗಲೂ ನಿಷಿದ್ಧ. ಬೇರೆ ಔಷಧದ ಸುಳಿವು ಸಿಗದಂತೆ ಮಾಡಲು ಅದನ್ನು ನುಂಗುವವರಿದ್ದಾರೆ. ಪರೀಕ್ಷೆಯ ಹಿಂದಿನ ದಿನ, ಅಪ್ಪ ಅರ್ಧ ಕುಡಿದು ಬಿಟ್ಟಿದ್ದ ಮಜ್ಜಿಗೆಯನ್ನು ಚೆಲ್ಲುವುದೇಕೆಂದು ಅವಳೇ ಕುಡಿದಿದ್ದಳು.

"ಮೊನ್ನಿ ಮಜ್ಜಿಗ್ಯಾಗೂ ಹಾಕಿದ್ದಿ ಏನು?"

ಗೊಲ್ಲಾಳಮ್ಮ ಮಗಳ ಮುಖ ನೋಡಿದಳು. ಏನೋ ಆಗಬಾರದ್ದು ಆಗಿದೆ ಎಂದಷ್ಟೇ ತಿಳಿಯಿತು. "ಮೊನ್ನಿ ಇಲ್ಲ. ಮೊನ್ನಿ ಗುಳಿಗಿ ತೀರಿದ್ವು. ನಿನ್ನಿ ಸಂಜಿಕ ತಂದೀನಿ."

ಶೀಟು ಆಗಲೇ ಅರ್ಧ ಖಾಲಿಯಾಗಿತ್ತು.

ದಾನೇಶ್ವರಿ ಬೀರೇಶ ಸರ್‌ಗೆ ಫೋನು ಮಾಡಿದಳು. ಕಕ್ಕೇರಾದ ರಸ್ತೆಯಲ್ಲಿ ಅವಳ ನಡಿಗೆ ತಿದ್ದಿ, ಶಿಬಿರದವರೆಗೆ ಮುಟ್ಟಿಸಿದ ಕೋಚ್ ಅವರು. ಅವ್ವನ ಎದುರೇ ನಿಂತು ಗುಳಿಗೆಯ ವಿಷಯವನ್ನೆಲ್ಲ ಹೇಳಿದಳು.

"ಪರೀಕ್ಷಿ ಆದ ಮ್ಯಾಲ ಈ ಮಾತು ಯಾಕ ಬಂತು?"

"ಇವತ್ತು ಗೊತ್ತಾತ್ರಿ ಸರ್."

"ದಾನೇಶ್ವರಿ, ನನ್ನ ಮುಂದರ ಖರೇ ಹೇಳು. ಬ್ಯಾರೆ ಏನರ ತಗೊಂಡೀ ಏನು?"

ಅವಳು ಫೋನಿಟ್ಟಳು.

ಅಂದಿನಿಂದ ಅವಳು ಮನೆಯ ಒಲೆಯ ಅನ್ನ ಉಣ್ಣಲಿಲ್ಲ. ತಾನೇ ಬೇಳೆ ತಂದು ಬೇಯಿಸಿಕೊಂಡಳು. ತೊಳೆದ ಲೋಟವನ್ನೇ ಮತ್ತೆ ತೊಳೆದಳು. ಬೆಳಿಗ್ಗೆ ನಡೆಯುವಾಗ ಹಿಂದೆ ಬೈಕಿನ ಸದ್ದಾದರೆ ಯಾರೋ ತನ್ನನ್ನೇ ನೋಡಲು ಬಂದರೆನಿಸುತ್ತಿತ್ತು. ಅವ್ವ ನಿಜವಾಗಿಯೂ ಅಂದು ಹಾಕಿರಲಿಲ್ಲವೇ? ಹಾಕಿದ್ದರೆ, ಅಪ್ಪನಿಗೆ ತಿಳಿಯಬಾರದೆಂದು ಮಗಳನ್ನೇ ಕೈಬಿಟ್ಟಾಳೇ? ಹೀಗೆ ಯೋಚಿಸಿದ್ದಕ್ಕೆ ನಾಚಿಕೆಯಾಗುತ್ತಿತ್ತು, ಆದರೂ ಅಡುಗೆಮನೆಯಲ್ಲಿ ಅವ್ವನ ಕೈಯ ಮೇಲಿಂದ ಕಣ್ಣು ಕೀಳಲಾಗುತ್ತಿರಲಿಲ್ಲ.

ಒಂದು ರವಿವಾರ ಜಗದೇವಪ್ಪ ಕೇಳಿಯೇ ಬಿಟ್ಟ. "ಮನಿ ಊಟ ಯಾಕ ಸೇರವಲ್ದು ಯವ್ವಾ?"

ಮಗಳು ಅವ್ವನ ಕಡೆ ನೋಡಿದಳು. ಗೊಲ್ಲಾಳಮ್ಮನೇ ಅಳುತ್ತ ಎಲ್ಲ ಹೇಳಿದಳು. ಅವನು ಸಿಟ್ಟಾಗಲಿಲ್ಲ.

"ಮಜ್ಜಿಗಿ ಕಹಿ ಇರ್ತಿತ್ತು. ನೀ ಏನೋ ಕಲಸಾಕತ್ತಿ ಅಂತ ಗೊತ್ತಿತ್ತು ನನಗ. ಅದಕ್ಕ ಅರ್ಧಾ ಬಿಡ್ತಿದ್ದೆ."

"ಏನು ಕಲಸ್ತೀನಿ ಅಂತ ತಿಳ್ಕೊಂಡಿದ್ರಿ?" ಗೊಲ್ಲಾಳಮ್ಮ ಅಳು ನಿಲ್ಲಿಸಿ ಕೇಳಿದಳು.

ಅವನು ಮಗಳ ಕಡೆ ತಿರುಗಿ, "ಆ ಗುಳಿಗಿ ನಂದು ಅಂತ ಯಾರ ಮುಂದ ಬೇಕಾದ್ರೂ ಬಂದು ಹೇಳ್ತೀನಿ. ಸ್ಟೇರಿಂಗ್ ಹೋದ್ರ ಹೋಗಲಿ," ಎಂದ. ಮಾರನೆಯ ದಿನದಿಂದ ಹೆಂಡತಿಯ ಎದುರೇ ನೀರಿನ ಜೊತೆ ಗುಳಿಗೆ ನುಂಗತೊಡಗಿದ.

ಹೋಗಿ ಹೇಳುವ ಪ್ರಸಂಗ ಬರಲಿಲ್ಲ. ಕೆಲವು ವಾರಗಳ ನಂತರ ಬೀರೇಶ ಸರ್ ಫೋನು ಮಾಡಿದರು.

"ಏನೂ ಸಿಕ್ಕಿಲ್ಲಂತ. ನಾ ಅಂದಿದ್ನಲ್ಲ, ಏನೂ ಆಗಲ್ಲಂತ."

"ನೀವು ಹಂಗ ಅಂದಿರಲಿಲ್ರಿ ಸರ್," ಎಂದಳು ದಾನೇಶ್ವರಿ.

ಸುದ್ದಿ ಕೇಳಿ ಗೊಲ್ಲಾಳಮ್ಮ, "ಹಾಕಿಲ್ಲ ಅಂತ ನಾ ಅವತ್ತ ಹೇಳಿದ್ದೆ," ಎಂದಳು. ದಾನೇಶ್ವರಿ ತಲೆಯಾಡಿಸಿದಳು. ಅವ್ವ ಹೇಳಿದ್ದು ನಿಜವೋ, ಲೋಟದಲ್ಲಿ ಉಳಿದ ಔಷಧ ಪತ್ತೆಯಾಗದಷ್ಟು ಕಡಿಮೆಯಿತ್ತೋ ಅವಳಿಗೆ ತಿಳಿಯಲಿಲ್ಲ. ಮತ್ತೆ ಕೇಳಲೂ ಇಲ್ಲ.

ರಜೆ ಮುಗಿದು ಶಿಬಿರಕ್ಕೆ ಹೊರಟ ದಿನ ಜಗದೇವಪ್ಪ ಯಾದಗಿರಿ ಸ್ಟೇಷನ್ನಿನವರೆಗೂ ಬಂದ. ಗೊಲ್ಲಾಳಮ್ಮ ಈ ಸಲ ರೊಟ್ಟಿ, ಶೇಂಗಾ ಹಿಂಡಿ ಏನನ್ನೂ ಕಟ್ಟಿಕೊಟ್ಟಿರಲಿಲ್ಲ. ರೈಲು ಬರುವ ಮುಂಚೆ ಅವನು ಅಂಗಡಿಗೆ ಹೋಗಿ ನೀರಿನ ಬಾಟಲಿ ತಂದು ಮಗಳ ಕೈಗಿತ್ತ.

ದಾನೇಶ್ವರಿ ಬಾಟಲಿ ಎತ್ತಿ, ಮುಚ್ಚಳದ ಸುತ್ತ ಸೀಲು ಒಡೆದಿದೆಯೇ ಎಂದು ತಿರುಗಿಸಿ ನೋಡಿದಳು. ತಲೆಯೆತ್ತಿದಾಗ ಅಪ್ಪ ಅವಳನ್ನೇ ನೋಡುತ್ತಿದ್ದ.

"ನೋಡು ಯವ್ವಾ, ನೋಡಿನೇ ಕುಡಿ," ಎಂದು ಅವನು ಹಳಿಯ ಕಡೆ ಮುಖ ತಿರುಗಿಸಿದ.